ನಿಮಗಿದು ಗೊತ್ತೆ? ಕೋಂಬ್ ಜೆಲ್ಲಿಗಿಂತ ಸ್ಪಂಜೇ ನಮಗೆ ಹತ್ತಿರದ ನೆಂಟನಂತೆ!
ಕಡಲ ಸ್ಪಂಜಿಗೆ ನರವೂ ಇಲ್ಲ, ಸ್ನಾಯುವೂ ಇಲ್ಲ. ಕೋಂಬ್ ಜೆಲ್ಲಿ ಎಂಬ ಕಡಲಜೀವಿಗೆ ಎರಡೂ ಇವೆ. ಆದರೂ ಇವೆರಡರಲ್ಲಿ ಮನುಷ್ಯನಿಗೆ ಹತ್ತಿರದ ನೆಂಟ ಸ್ಪಂಜೇ ಅಂತೆ! 2023ರಲ್ಲಿ ವರ್ಣತಂತುಗಳನ್ನು ಹೋಲಿಸಿ ನೋಡಿದ ವಿಜ್ಞಾನಿಗಳು ಹೇಳಿದ್ದು ಇದನ್ನೇ. ಪ್ರಾಣಿಕುಲದಿಂದ ಎಲ್ಲಕ್ಕಿಂತ ಮೊದಲು ಕವಲೊಡೆದದ್ದು ಕೋಂಬ್ ಜೆಲ್ಲಿಯ ಪೂರ್ವಜರಂತೆ. ಇದನ್ನು ಒಪ್ಪದವರೂ ಇದ್ದಾರೆ. ವಾದ ಇನ್ನೂ ಮುಗಿದಿಲ್ಲ.

ನೋಡಲು ಜೆಲ್ಲಿಫಿಶ್‌ನಂತಿದ್ದರೂ ಕೋಂಬ್ ಜೆಲ್ಲಿ ಆ ಜಾತಿಯದಲ್ಲ. ಹಿಂದೆ ಎರಡನ್ನೂ ಒಂದೇ ಗುಂಪಿಗೆ ಸೇರಿಸಿದ್ದರು. ಈಗ ಕೋಂಬ್ ಜೆಲ್ಲಿಯದ್ದು ಟೀನೊಫೋರಾ ಎಂಬ ಪ್ರತ್ಯೇಕ ವಂಶ. ಜೆಲ್ಲಿಫಿಶ್ ಕುಟುಕಿ ಬೇಟೆಯಾಡಿದರೆ, ಇದರ ಹೆಚ್ಚಿನ ಪ್ರಭೇದಗಳು ಅಂಟುಕೋಶಗಳಿಂದ ಬೇಟೆ ಹಿಡಿಯುತ್ತವೆ. ಮೈಮೇಲೆ ಹಣಿಗೆಯಂಥ ರೋಮಪಟ್ಟಿಗಳ ಎಂಟು ಸಾಲು. ಅವನ್ನು ಬಡಿಯುತ್ತಲೇ ಈಜು. ಬೆಳಕು ಬಿದ್ದರೆ ಆ ಸಾಲುಗಳಲ್ಲಿ ಕಾಮನಬಿಲ್ಲಿನ ಬಣ್ಣ ಹರಿದಾಡುತ್ತದೆ.