ಕಟಾದ ಅರ್ಥ ಕೇಳುವ ಐದು ನಿಮಿಷ

ಕರಾಟೆ ಸ್ಪರ್ಧೆ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಕುಮಿಟೆ, ಅಂದರೆ ಇಬ್ಬರು ಎದುರುಬದುರು ನಿಂತು ಅಂಕಕ್ಕಾಗಿ ಸೆಣಸುವುದು. ಪಕ್ಕದ ಅಂಕಣದಲ್ಲೇ ನಡೆಯುವ ಕಟಾದ ಕಡೆ ನೋಡುಗರ ಗಮನ ಕಡಿಮೆ. ತಂಡ ಕಟಾ ಎಂಬುದೊಂದು ಇದೆ ಎಂದು ಬಲ್ಲವರು ಇನ್ನೂ ಕಡಿಮೆ. ಕಟಾ ಎಂದರೆ ಹಿಂದಿನವರು ಕಟ್ಟಿಕೊಟ್ಟ ಏಟು, ತಡೆ, ತಿರುವು, ಹೆಜ್ಜೆಗಳ ನಿಶ್ಚಿತ ಸರಣಿ. ವಿಶ್ವ ಕರಾಟೆ ಒಕ್ಕೂಟದ ಪಟ್ಟಿಯಲ್ಲಿ ಇಂಥವು 102 ಇವೆ. ತಂಡ ಕಟಾದಲ್ಲಿ ಮೂವರು ಒಂದೇ ಸರಣಿಯನ್ನು ಒಟ್ಟಿಗೆ ಮಾಡುತ್ತಾರೆ. ಪದಕದ ಸುತ್ತಿಗೆ ಬಂದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಅದೇ ಮೂವರು ಒಬ್ಬರ ಮೇಲೊಬ್ಬರು ಏರಿ ಬಂದು, ಈಗಷ್ಟೇ ಮಾಡಿದ ಚಲನೆಗಳು ಹೊಡೆದಾಟದಲ್ಲಿ ಹೇಗೆ ಉಪಯೋಗಕ್ಕೆ ಬರುತ್ತವೆ ಎಂದು ತೋರಿಸಬೇಕು. ಇದಕ್ಕೆ ಬುಂಕಾಯ್ ಎನ್ನುತ್ತಾರೆ. ಎರಡಕ್ಕೂ ಸೇರಿ ಸಿಗುವುದು ಐದು ನಿಮಿಷ, ತೀರ್ಪಿನಲ್ಲಿ ಎರಡಕ್ಕೂ ಸಮಾನ ತೂಕ. ಒಂದೊಂದು ಚಲನೆಯೂ ಯಾತಕ್ಕಾಗಿ ಇದೆ ಎಂದು ಕಟಾವನ್ನು ಎಲ್ಲರೆದುರು ನೇರವಾಗಿ ಕೇಳುವ ಜಾಗ ಸ್ಪರ್ಧಾ ಕರಾಟೆಯಲ್ಲಿ ಇದು. ಹಾಗಾಗಿ ಇದಕ್ಕೆ ಈಗಿರುವುದಕ್ಕಿಂತ ದೊಡ್ಡ ಸ್ಥಾನ ಸಿಗಬೇಕು ಎಂಬುದು ನನ್ನ ವಾದ.

ಮೊದಲು ಮೂವರು ಒಟ್ಟಿಗೆ ಮಾಡುವ ಭಾಗವನ್ನು ನೋಡೋಣ. ಸಾಮಾನ್ಯವಾಗಿ ಒಬ್ಬರು ಮುಂದೆ, ಇಬ್ಬರು ಹಿಂದೆ, ತ್ರಿಕೋನದಲ್ಲಿ ನಿಲ್ಲುತ್ತಾರೆ. ಬಾಯಲ್ಲಿ ಆಜ್ಞೆ ಕೊಡುವಂತಿಲ್ಲ. ಕಾಲು ಬಡಿದೋ, ಎದೆ, ತೋಳು, ಬಟ್ಟೆ ತಟ್ಟಿಯೋ, ಬೇಕೆಂದೇ ಸದ್ದು ಮಾಡಿ ಉಸಿರು ಬಿಟ್ಟೋ ಸನ್ನೆ ಮಾಡಿದರೆ ಅದೂ ತಪ್ಪೆಂದೇ ಲೆಕ್ಕ. ಮುಂದಿರುವವರಿಗೆ ಹಿಂದಿನ ಇಬ್ಬರು ಕಾಣುವುದಿಲ್ಲ. ಆ ಇಬ್ಬರು ಮುಂದಿನವರ ಹೆಗಲು, ಸೊಂಟ ನೋಡಿಕೊಂಡೇ ಹೊರಡಬೇಕು. ಆದರೆ ಕಟಾದಲ್ಲಿ ತಿರುವುಗಳಿವೆ. ಪೂರ್ತಿ ಹಿಂದಕ್ಕೆ ತಿರುಗಿದ ಕ್ಷಣದಲ್ಲಿ ಮುಂದಿದ್ದವರು ಹಿಂದಾಗುತ್ತಾರೆ, ಅಲ್ಲಿಯವರೆಗೆ ನೋಡಿ ಅನುಸರಿಸುತ್ತಿದ್ದವರ ಕಣ್ಣಿಗೆ ಈಗ ಯಾರೂ ಇಲ್ಲ. ಹೀಗೆ ಮುನ್ನಡೆಸುವ ಹೊಣೆ ಒಬ್ಬರ ಬಳಿಯೇ ಉಳಿಯದೆ ಮೂವರಲ್ಲಿ ಸುತ್ತುತ್ತಿರುತ್ತದೆ. ನಿಧಾನಗತಿಯ ಭಾಗಗಳಲ್ಲಂತೂ ಇದು ತೀರಾ ಕಷ್ಟ. ವೇಗದ ಏಟಿಗೆ ಒಂದು ಆರಂಭ, ಒಂದು ಕೊನೆ ಇರುತ್ತದೆ. ನಿಧಾನವಾಗಿ ಚಾಚುವ ಕೈ ಎಷ್ಟು ಹೊತ್ತಿಗೆ ಎಲ್ಲಿರಬೇಕು ಎಂಬುದಕ್ಕೆ ಅಂಥ ಗುರುತೇ ಇಲ್ಲ. ಒಬ್ಬರೇ ಮಾಡುವಾಗ ಕಣ್ಣಿಗೆ ಬೀಳದೆ ಹೋಗುವ ಅರೆಗಳಿಗೆಯ ತಡ, ಎತ್ತರ ತಪ್ಪಿದ ನಿಲುವು, ಅವಸರದ ತಿರುವು ಪಕ್ಕದಲ್ಲಿ ಇನ್ನಿಬ್ಬರು ಇರುವಾಗ ಅಡಗುವುದಿಲ್ಲ.

ಹೀಗೆ ಹಲವರು ಒಟ್ಟಾಗಿ ನಿಂತು ಕಟಾ ಮಾಡುವುದು ಕ್ರೀಡಾ ಸಂಸ್ಥೆಗಳು ಹುಟ್ಟುಹಾಕಿದ ಪದ್ಧತಿ ಅಲ್ಲ. ಅದರ ಬೇರು ಒಕಿನಾವಾ ದ್ವೀಪದ ಶಾಲೆಗಳಲ್ಲಿದೆ. ಅದಕ್ಕೂ ಮುಂಚೆ ಈ ವಿದ್ಯೆ ಗುರುವಿನ ಮನೆಯಂಗಳದಲ್ಲಿ ಬೆರಳೆಣಿಕೆಯ ಶಿಷ್ಯರಿಗೆ ಸಿಗುತ್ತಿತ್ತು. ಕರಾಟೆ ಗುರು ಇತೋಸು ಆಂಕೋ 1901ರ ಹೊತ್ತಿಗೆ ಅದನ್ನು ಶಾಲೆಯೊಳಕ್ಕೆ ತಂದರು, ಮಕ್ಕಳಿಗೆ ಹೊಂದುವಂತೆ ಪಿನಾನ್ ಎಂಬ ಐದು ಕಟಾಗಳನ್ನು ರೂಪಿಸಿದರು. ಇವನ್ನೇ ಮುಂದೆ ಇನ್ನೊಬ್ಬ ಗುರು ಫುನಾಕೋಶಿ ಗಿಚಿನ್ ಹೀಯಾನ್ ಎಂದು ಕರೆದರು. 1930ರ ದಶಕದ ಕೊನೆಯಲ್ಲಿ ಶುರಿ ಕೋಟೆಯೆದುರು ಸಾಲುಸಾಲಾಗಿ ನಿಂತ ಶಿಷ್ಯರು ಒಂದೇ ಭಂಗಿಯಲ್ಲಿರುವ ಛಾಯಾಚಿತ್ರ ಇಂದಿಗೂ ಕರಾಟೆ ಪುಸ್ತಕಗಳಲ್ಲಿ ಅಚ್ಚಾಗುತ್ತಿರುತ್ತದೆ. ವಿದ್ಯೆ ಸಾವಿರಾರು ಜನರನ್ನು ಮುಟ್ಟಿದ್ದು ಈ ಸಾಲುಗಳಿಂದಲೇ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಎಣಿಕೆಗೆ ತಕ್ಕಂತೆ ಹೆಜ್ಜೆ ಹಾಕುವ ನೂರು ಮಕ್ಕಳ ಎದುರಿಗೆ ಎದುರಾಳಿಯೇ ಇರುವುದಿಲ್ಲ. ರೂಪ ಉಳಿಯುತ್ತದೆ, ಉದ್ದೇಶ ಮಸುಕಾಗುತ್ತದೆ. ಮಗ್ಗಿಯೆಲ್ಲ ಬಾಯಿಪಾಠವಾಗಿದ್ದರೂ ಅಂಗಡಿಯ ಲೆಕ್ಕ ಮಾಡಲು ಬಾರದ ಹಾಗೆ. ಇತೋಸು ಅವರಿಗೂ ಈ ಅಪಾಯ ಗೊತ್ತಿದ್ದಿರಬೇಕು. 1908ರಲ್ಲಿ ಅವರು ಬರೆದ ಹತ್ತು ಸೂತ್ರಗಳ ಪತ್ರದಲ್ಲಿ, ಪ್ರತಿ ತಂತ್ರದ ಅರ್ಥವೇನು, ಅದು ಯಾವ ಸಂದರ್ಭಕ್ಕೆ ಎಂದು ತಿಳಿದೇ ಅಭ್ಯಾಸ ಮಾಡಬೇಕು ಎಂಬ ಮಾತಿದೆ. ತಂಡದ ಬುಂಕಾಯ್ ಈ ಬೇಡಿಕೆಯನ್ನು ಸ್ಪರ್ಧೆಯ ಅಂಕಣಕ್ಕೆ ತಂದಿದೆ.

ಎದುರಾಳಿ ಬಂದಾಗ ಏನು ಬದಲಾಗುತ್ತದೆ ಎಂಬುದನ್ನು ಆ ಐದು ಕಟಾಗಳಲ್ಲಿ ಒಂದಾದ, ಬಿಳಿ ಬೆಲ್ಟಿನವರೂ ಕಲಿಯುವ ಹೀಯಾನ್ ಶೋದಾನ್‌ನಲ್ಲೇ ನೋಡಬಹುದು. ಅದರಲ್ಲಿ ಬಲಕ್ಕೆ ತಿರುಗಿ ಕೆಳಗೆ ತಡೆದ ಮೇಲೆ, ಮುಂದಿನ ಕಾಲನ್ನು ತುಸು ಹಿಂದಕ್ಕೆಳೆದು, ಬಲಗೈಯನ್ನು ವೃತ್ತಾಕಾರವಾಗಿ ಮೇಲೆತ್ತಿ, ಮುಷ್ಟಿಯ ಕಿರುಬೆರಳಿನ ಬದಿಯಿಂದ ಕೆಳಕ್ಕೆ ಕುಟ್ಟುವ ಒಂದು ಚಲನೆ ಇದೆ. ಒಬ್ಬರೇ ಮಾಡಿದರೆ ಅದು ನೋಡಲು ಚೆಂದದ ಅಲಂಕಾರದಂತಿರುತ್ತದೆ, ಕಾಲು ಹಿಂದೆ ಯಾಕೆ ಬಂತು ಎಂದು ಹೊಳೆಯುವುದಿಲ್ಲ. ಈಗ ಎದುರಿಗಿರುವವನು ಆ ಬಲ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದ ಎನ್ನಿ. ಬರೀ ತೋಳಿನ ಬಲದಿಂದ ಕಿತ್ತುಕೊಳ್ಳುವುದು ಕಷ್ಟ. ಕಾಲನ್ನು ಹಿಂದಕ್ಕೆ ತಂದರೆ ಇಡೀ ಮೈಯ ಭಾರ ಆ ಎಳೆತಕ್ಕೆ ಸೇರುತ್ತದೆ. ಕೈ ಸುತ್ತಿದಾಗ ಹಿಡಿತದ ದುರ್ಬಲ ಜಾಗವಾದ ಹೆಬ್ಬೆರಳಿನ ಕಡೆಯಿಂದ ಮಣಿಕಟ್ಟು ಜಾರಿ ಬರುತ್ತದೆ. ಬಿಡಿಸಿಕೊಂಡ ಕೈ ಮೇಲಿರುವುದರಿಂದ ಅದೇ ಕೈ ಹಿಡಿದವನ ಮೇಲೆ ಏಟಾಗಿ ಇಳಿಯುತ್ತದೆ. ಒಂದು ಕೈ ಗುದ್ದುವಾಗ ಇನ್ನೊಂದು ಕೈ ಸೊಂಟಕ್ಕೆ ಬರುವುದೂ ಹೀಗೆಯೇ. ಖಾಲಿ ಕೈಯಾಗಿ ನೋಡಿದರೆ ಅದು ಮುಖವನ್ನು ಕಾಯದೆ ಬಿಟ್ಟ ತಪ್ಪಿನಂತೆ ಕಾಣುತ್ತದೆ. ಆ ಕೈಯಲ್ಲಿ ಎದುರಾಳಿಯ ತೋಳೋ ಅಂಗಿಯೋ ಇದೆ ಎಂದಾಗ, ಅವನನ್ನು ಎಳೆದು ಆಯ ತಪ್ಪಿಸಿ ಏಟಿನ ದಾರಿಗೆ ತರುವ ಕೆಲಸ ಅದರದು ಎಂದು ಗೊತ್ತಾಗುತ್ತದೆ.

ಇದಕ್ಕೆ ಆಕ್ಷೇಪವಿದೆ, ಅದು ಹಗುರವಾದದ್ದೂ ಅಲ್ಲ. ಬುಂಕಾಯ್ ಮೊದಲೇ ಗೊತ್ತುಮಾಡಿಕೊಂಡ ಹೊಡೆದಾಟ. ಯಾರು ಯಾವಾಗ ಎಲ್ಲಿ ಹೊಡೆಯುತ್ತಾರೆ ಎಂದು ಮೂವರಿಗೂ ಗೊತ್ತು, ಬೀಳಬೇಕಾದವರು ತಾವೇ ಬೀಳಲು ಸಿದ್ಧರಿರುತ್ತಾರೆ, ಹಾಗಿರುವಾಗ ಸಿನಿಮಾ ಫೈಟಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳುವವರಿದ್ದಾರೆ. ಕೆಲವು ತಂಡಗಳು ಮೂಲ ಕಟಾದಲ್ಲಿ ಇಲ್ಲದ ನೆಗೆತ, ಪಲ್ಟಿಗಳನ್ನು ತುರುಕಿ ಚಪ್ಪಾಳೆ ಗಿಟ್ಟಿಸುವುದೂ ನಿಜ, ಅದು ಬುಂಕಾಯ್‌ಗೆ ಮಾಡುವ ದ್ರೋಹ ಎಂದೇ ನನ್ನ ಅಭಿಪ್ರಾಯ. ನಿಯಮಗಳು ಒಂದು ಮಟ್ಟಿಗೆ ಇದಕ್ಕೆ ಕಡಿವಾಣ ಹಾಕಿವೆ: ಆಯುಧ ಬಳಸುವಂತಿಲ್ಲ, ಕುತ್ತಿಗೆಗೆ ಕಾಲಿನ ಕತ್ತರಿ ಹಾಕಿ ಕೆಡಹುವಂತಿಲ್ಲ, ಏಟು ತಿಂದು ಪ್ರಜ್ಞೆ ತಪ್ಪಿದಂತೆ ನಟಿಸಿದರೂ ತಪ್ಪೇ. ಆದರೂ ಮೊದಲೇ ಗೊತ್ತಿರುವ ಏಟು ಸುಳ್ಳು ಏಟಾಗಬೇಕಿಲ್ಲ. ಪೂರ್ಣ ವೇಗದಲ್ಲಿ ಬರುವ ಗುದ್ದು ಎಲ್ಲಿಗೆಂದು ತಿಳಿದಿದ್ದರೂ, ಅರ್ಧ ಹೆಜ್ಜೆ ದೂರ ನಿಂತವರ ತಡೆ ಅದನ್ನು ಮುಟ್ಟುವುದಿಲ್ಲ, ಅರ್ಧ ಹೆಜ್ಜೆ ಹತ್ತಿರ ನಿಂತರೆ ಮುಖಕ್ಕೇ ಪೆಟ್ಟು. ಅಂತರ, ಸಮಯ, ಮೈಭಾರ ಈ ಮೂರನ್ನೂ ಒಪ್ಪಂದದಿಂದ ಸರಿಪಡಿಸಲಾಗುವುದಿಲ್ಲ. ಬುಂಕಾಯ್ ಕಲಿತವರು ಬೀದಿಯಲ್ಲಿ ಗೆದ್ದೇ ಗೆಲ್ಲುತ್ತಾರೆ ಎಂದು ನಾನು ಹೇಳುವುದಿಲ್ಲ. ಅದಕ್ಕೆ ಮೊದಲೇ ಹೇಳದೆ ಏರಿ ಬರುವ, ಎದುರು ಬಲ ಹಾಕುವ ಜೊತೆಗಾರರೊಂದಿಗೆ ಬೇರೆಯೇ ಅಭ್ಯಾಸ ಬೇಕು. ಆದರೆ ಕಟಾದಿಂದ ಆ ಅಭ್ಯಾಸಕ್ಕೆ ಹೋಗಲು ನಡುವೆ ಇರಲೇಬೇಕಾದ ಮೆಟ್ಟಿಲು ಇದು.

ನನಗೆ ಹೆಚ್ಚು ಬೇಸರ ತರುವುದು, ನಿಯಮ ಬುಂಕಾಯ್ ಕೇಳುವುದು ಪದಕದ ಸುತ್ತುಗಳಲ್ಲಿ ಮಾತ್ರ ಎಂಬುದು. ಆರಂಭದ ಸುತ್ತುಗಳಲ್ಲೇ ಹೊರಬೀಳುವ ತಂಡಗಳು ತಾವು ಮಾಡಿದ್ದರ ಅರ್ಥ ಹೇಳದೆಯೇ ಮನೆಗೆ ಹೋಗುತ್ತವೆ. ಎಲ್ಲ ಸುತ್ತಿನಲ್ಲೂ ಐದು ನಿಮಿಷ ಕೊಡುತ್ತಾ ಹೋದರೆ ದಿನ ಸಾಲದು ಎಂಬ ಆಯೋಜಕರ ಕಷ್ಟ ಅರ್ಥವಾಗುವಂಥದ್ದೇ. ಆದರೆ ಕಟಾದ ಒಂದೇ ಒಂದು ತುಣುಕನ್ನು ಅರ್ಧ ನಿಮಿಷದಲ್ಲಿ ತೋರಿಸಿ ಎನ್ನಲು ತೊಂದರೆಯೇನಿಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕರಾಟೆಗೆ ಜಾಗ ಸಿಕ್ಕಾಗಲೂ ವೈಯಕ್ತಿಕ ಕಟಾ ಇತ್ತು, ತಂಡ ಕಟಾ ಇರಲಿಲ್ಲ. 2021ರ ಆಗಸ್ಟ್‌ನಲ್ಲಿ ಅಲ್ಲಿ ಚಿನ್ನ ಗೆದ್ದ ಒಕಿನಾವಾದ ಕಿಯುನಾ ರ್‍ಯೋ ಒಬ್ಬರೇ ನಿಂತದ್ದನ್ನು ಜಗತ್ತು ನೋಡಿತು. ಅದೇ ಕಿಯುನಾ ಒಕಿನಾವಾದವರೇ ಆದ ಕಿಂಜೊ ಅರಾತಾ, ಉಎಮುರಾ ತಾಕುಯಾ ಜೊತೆ 2016ರಲ್ಲಿ ಲಿಂಜ್‌ನಲ್ಲೂ 2018ರಲ್ಲಿ ಮ್ಯಾಡ್ರಿಡ್‌ನಲ್ಲೂ ವಿಶ್ವ ತಂಡ ಕಟಾ ಚಿನ್ನ ಗೆದ್ದವರು. ಮೂವರೂ ಸಾಕುಮೊತೊ ತ್ಸುಗುಒ ಎಂಬ ಒಬ್ಬರೇ ಗುರುವಿನ ಶಿಷ್ಯರು. ಅವರ ಬುಂಕಾಯ್ ನೋಡಿದ ಮೇಲೆ ಕಿಯುನಾ ಒಬ್ಬರೇ ಮಾಡಿದ ಕಟಾವನ್ನು ಮತ್ತೆ ನೋಡಿದರೆ, ಅವರು ಖಾಲಿ ಜಾಗದಲ್ಲಿ ಯಾರನ್ನು ಹಿಡಿಯುತ್ತಿದ್ದಾರೆ, ಯಾರನ್ನು ತಳ್ಳುತ್ತಿದ್ದಾರೆ ಎಂದು ಕಣ್ಣಿಗೆ ಕಟ್ಟುತ್ತದೆ.

ನಮ್ಮಲ್ಲೂ ಸರ್ಕಾರಿ ಶಾಲೆ, ವಿದ್ಯಾರ್ಥಿನಿಲಯಗಳ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆಗೆಂದು ಕರಾಟೆ ಕಲಿಸುವ ಯೋಜನೆಗಳು ನಡೆಯುತ್ತಿವೆ. ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ ಎಣಿಕೆ ಕೂಗುವುದು ಅಲ್ಲಿ ಅನಿವಾರ್ಯ. ಒಬ್ಬ ಶಿಕ್ಷಕರಿಗೆ ಅಷ್ಟು ಮಕ್ಕಳು. ಆದರೆ ಆ ಸಾಲನ್ನು ಮೂರು ಮೂರು ಜನರ ಗುಂಪಾಗಿ ಒಡೆಯಲು ಸಲಕರಣೆಯೂ ಬೇಡ, ಹೆಚ್ಚಿನ ಹಣವೂ ಬೇಡ. ಒಬ್ಬಳು ಮಣಿಕಟ್ಟು ಹಿಡಿಯಲಿ, ಒಬ್ಬಳು ಬಿಡಿಸಿಕೊಳ್ಳಲಿ, ಮೂರನೆಯವಳು ಕಾಲು ಹಿಂದೆ ಬಂತೋ ಇಲ್ಲವೋ ನೋಡಿ ಹೇಳಲಿ, ಆಮೇಲೆ ಪಾತ್ರ ಬದಲಾಗಲಿ. ತರಗತಿಯ ಕೊನೆಯ ಹತ್ತು ನಿಮಿಷ ಇದಕ್ಕೆ ಸಾಕು.