ಶೆಡ್ಡಿನಲ್ಲಿ ಹುಟ್ಟುವ ವಿಮಾನ

ಹಾಸನ ಜಿಲ್ಲೆ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಮೂಲಕ ಜನಸಾಮಾನ್ಯರನ್ನು ವಿಮಾನ ಹತ್ತಿಸಿದರು. ಹತ್ತುವುದಷ್ಟೇ ಅಲ್ಲ, ವಿಮಾನವನ್ನು ತಾವೇ ಕಟ್ಟಿ ಹಾರಿಸುವ ಹವ್ಯಾಸಿಗಳೂ ಇದ್ದಾರೆ! ಅಮೆರಿಕದಲ್ಲಿ ಪಾಲ್ ಪೊಬೆರೆಜ್ನಿ ಇಂಥವರಿಗಾಗಿ 1953ರಲ್ಲೇ ಸಂಘ ಕಟ್ಟಿದರು.

ಹವ್ಯಾಸಿಗಳ ಮೆಚ್ಚಿನ ‘ಲಾಂಗ್-ಈಜಿ’ ಬರ್ಟ್ ರುಟಾನ್ ಅವರ ವಿನ್ಯಾಸ. ಹಗುರ ಫೋಮನ್ನು ಕಾದ ತಂತಿಯಿಂದ ರೆಕ್ಕೆಯ ಆಕಾರಕ್ಕೆ ಕತ್ತರಿಸಿ, ಮೇಲೆ ಗಾಜಿನ ನಾರಿನ ಬಟ್ಟೆಯನ್ನು ಎಪಾಕ್ಸಿ ಅಂಟಿನಿಂದ ಹೊದಿಸಿದರಾಯಿತು. ದುಬಾರಿ ಅಚ್ಚು ಬೇಕಿಲ್ಲ. ಬೆಂಗಳೂರಿನ ಎನ್.ಎ.ಎಲ್. ಸಂಸ್ಥೆ 1980ರ ದಶಕದಲ್ಲಿ ಇದನ್ನೇ ಆಧರಿಸಿ ಪುಟ್ಟ ವಿಮಾನ ಕಟ್ಟಿತು. ಆ ಅನುಭವ 1993ರಲ್ಲಿ ಹಾರಿದ ‘ಹಂಸ’ಕ್ಕೆ ನೆರವಾಯಿತು.

ಆದರೆ ಅಂಟಿನ ಪ್ರಮಾಣ ತಪ್ಪಿದರೆ ರೆಕ್ಕೆಯೇ ದುರ್ಬಲ. ಆಕಾಶದಲ್ಲಿ ತಪ್ಪು ತಿದ್ದಲಾಗದು. ಆದ್ದರಿಂದಲೇ ಸಂಘದ ಅನುಭವಿಗಳು ಶೆಡ್ಡಿಗೇ ಬಂದು ಕೆಲಸ ಪರಿಶೀಲಿಸುತ್ತಾರೆ. ವಿದ್ಯಾರ್ಥಿಗಳೇ, ನೀವು ಮಾಡಿದ್ದನ್ನು ಇನ್ನೊಬ್ಬರಿಗೆ ತೋರಿಸಲು ನಾಚಬೇಡಿ.