ಅಜ್ಜಿ ರಾತ್ರಿ ಎದ್ದಾಗ

ವಯಸ್ಸಾದವರು ಬೀಳುವುದು ಹೆಚ್ಚಾಗಿ ಬೀದಿಯಲ್ಲಲ್ಲ, ವರ್ಷಗಟ್ಟಲೆ ಓಡಾಡಿದ ತಮ್ಮದೇ ಮನೆಯಲ್ಲಿ. ಅದರಲ್ಲೂ ಮಂಚದಿಂದ ಬಚ್ಚಲುಮನೆಗೆ ಹೋಗುವ ಹತ್ತು ಹೆಜ್ಜೆ ನಡುರಾತ್ರಿಯಲ್ಲಿ ಬಲು ಅಪಾಯದ್ದು. ಮೂಳೆ ಸವೆದ ವಯಸ್ಸಿನಲ್ಲಿ ಸೊಂಟ ಮುರಿಯಲು ಒಮ್ಮೆ ಜಾರಿದರೆ ಸಾಕು. ಕೆಲವರಿಗೆ ಮೊದಲಿನ ನಡಿಗೆ ಮರಳುವುದೇ ಇಲ್ಲ.

ಎಲ್ಲದಕ್ಕೂ ಕಣ್ಣು ಮಂಜಾಗಿರುವುದೇ ಕಾರಣವಲ್ಲ. ಮಲಗಿದ್ದವರು ದಡಕ್ಕನೆ ಎದ್ದು ನಿಂತಾಗ ರಕ್ತ ಕಾಲಿನ ಕಡೆ ಇಳಿಯುತ್ತದೆ. ಎಳೆಯರ ದೇಹ ರಕ್ತನಾಳಗಳನ್ನು ಬಿಗಿಮಾಡಿ ಕ್ಷಣದಲ್ಲಿ ಅದನ್ನು ಸರಿದೂಗಿಸುತ್ತದೆ. ಮುಪ್ಪಿನಲ್ಲಿ ಈ ಕೆಲಸ ನಿಧಾನ. ಅಷ್ಟರಲ್ಲಿ ಕಣ್ಣು ಕತ್ತಲೆ ಬಂದಿರುತ್ತದೆ. ಬಿ.ಪಿ. ಮಾತ್ರೆ, ನಿದ್ದೆ ಮಾತ್ರೆಗಳು ಇದನ್ನು ಹೆಚ್ಚಿಸಬಹುದು. ಹಾಗೆಂದು ಮಾತ್ರೆ ನೀವೇ ನಿಲ್ಲಿಸಬೇಡಿ. ತಲೆಸುತ್ತುವ ವಿಷಯ ವೈದ್ಯರಿಗೆ ತಿಳಿಸಿ, ಮಲಗಿದಾಗ ಒಮ್ಮೆ, ನಿಂತಾಗ ಒಮ್ಮೆ ಬಿ.ಪಿ. ನೋಡಿ ಎಂದು ಕೇಳಿ.

ಅಜ್ಜ ಅಜ್ಜಿಯರೇ, ಎಚ್ಚರವಾದಾಗ ಮಗ್ಗುಲಾಗಿ ಎದ್ದು, ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂತಿರಿ. ಪಾದಗಳನ್ನು ಮೇಲೆ ಕೆಳಗೆ ಆಡಿಸಿ. ನಿಂತ ಮೇಲೂ ಏನನ್ನಾದರೂ ಹಿಡಿದು ಒಂದು ಕ್ಷಣ ತಡೆದು, ಬಳಿಕ ಹೆಜ್ಜೆ ಇಡಿ. ರಾತ್ರಿ ಏಳಬೇಕಾಗುತ್ತದೆಂದು ದಿನವಿಡೀ ನೀರನ್ನೇ ಬಿಡುವವರಿದ್ದಾರೆ. ಅದರಿಂದ ತಲೆಸುತ್ತು ಇನ್ನೂ ಜಾಸ್ತಿ. ಹಗಲು ಕುಡಿಯಿರಿ, ಮಲಗುವ ಎರಡು ತಾಸು ಮುಂಚೆ ಕಡಿಮೆ ಮಾಡಿ. ಹೃದಯ, ಮೂತ್ರಪಿಂಡದ ತೊಂದರೆ ಇದ್ದವರಿಗೆ ಮಾತ್ರ ವೈದ್ಯರು ಹೇಳಿದ್ದೇ ಅಳತೆ.

ಮಕ್ಕಳೇ, ನಿಮಗೊಂದು ಪತ್ತೇದಾರಿ ಕೆಲಸ. ಇವತ್ತು ರಾತ್ರಿ ಅಜ್ಜಿಯ ಮಂಚದಿಂದ ಬಚ್ಚಲಿನವರೆಗೆ ನಿಧಾನವಾಗಿ ನಡೆದು ನೋಡಿ. ಮಡಚಿಕೊಂಡ ಕಾಲೊರಸು, ಚಾರ್ಜರ್ ವೈರು, ಒದ್ದೆ ನೆಲ, ನಿಮ್ಮದೇ ಸ್ಕೂಲ್ ಬ್ಯಾಗು! ಸಿಕ್ಕಿದ್ದನ್ನೆಲ್ಲ ತೆಗೆಯಿರಿ. ದಾರಿಯಲ್ಲೊಂದು ಸಣ್ಣ ರಾತ್ರಿದೀಪ, ಹೊಸಿಲ ಮೇಲೆ ಎದ್ದು ಕಾಣುವ ಬಣ್ಣದ ಪಟ್ಟಿ ಇರಲಿ. ಬಚ್ಚಲಲ್ಲಿ ಟವೆಲ್ ಕಂಬಿಯನ್ನು ನಂಬಬೇಡಿ, ಅದು ಮೈಭಾರ ತಾಳದು. ಗೋಡೆಗೆ ಭದ್ರವಾಗಿ ಕೂರಿಸಿದ ಹಿಡಿಕೆಯೇ ಬೇಕು. ಒಳಗಿನ ಚಿಲಕ ಹಾಕದಿರುವುದೂ ಒಳ್ಳೆಯದು; ಬಿದ್ದವರ ಬಳಿ ಹೋಗಲು ಬಾಗಿಲು ಒಡೆಯುವ ಪಾಡು ಬೇಡ.

ಬಿದ್ದದ್ದನ್ನು ಮುಚ್ಚಿಡುವ ಹಿರಿಯರು ಬಹಳ. ಹೇಳಿದರೆ ಮಗ ಸಂತೆಗೆ, ದೇವಸ್ಥಾನಕ್ಕೆ ಒಬ್ಬರನ್ನೇ ಬಿಡುವುದಿಲ್ಲವೆಂಬ ಅಳುಕು. ಆ ಅಳುಕು ಸುಳ್ಳೇನಲ್ಲ! ಆದ್ದರಿಂದ ಮನೆಯವರು ಗದರದೆ, ಎಲ್ಲಿ, ಹೇಗೆ ಎಂದಷ್ಟೇ ಕೇಳಲಿ.

ಯಾರಾದರೂ ಬಿದ್ದರೆ ಗಾಬರಿಯಲ್ಲಿ ತೋಳು ಹಿಡಿದು ಎಳೆದೆಬ್ಬಿಸಬೇಡಿ. ಮೊದಲು ಎಲ್ಲಿ ನೋವು ಎಂದು ಕೇಳಿ. ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ, ಸೊಂಟದಲ್ಲಿ ತಡೆಯಲಾರದ ನೋವಿದ್ದರೆ ಅಲುಗಿಸದೆ, ಹೊದಿಕೆ ಹೊದಿಸಿ 108ಕ್ಕೆ ಕರೆ ಮಾಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಏಟು ಬಿದ್ದಿದ್ದರೆ, ಅವರು ಎದ್ದು ಕಾಫಿ ಕೇಳಿದರೂ ಸರಿ, ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ.